ಹದಿನಾಲ್ಕನೇ ಪ್ರಶ್ನೆಯ ಸಾಂಬಾರು

ನನ್ನ ಸಾಂಬಾರನ್ನು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದಕ್ಕೆ ಆಲ್ಫ್ರೆಡ್ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೋದವರ ಬಗ್ಗೆ ಒಳ್ಳೆಯ ಮಾತೇ ಆಡಬೇಕು ಅನ್ನುತ್ತಾರೆ. ಆಡುತ್ತೇನೆ, ಅವಸರ ಮಾಡಬೇಡಿ. ಮೊದಲು ಸಾಂಬಾರಿನ ವಿಷಯ ತೀರಲಿ.

ನೈರೋಬಿ ಟೌನಿನಲ್ಲಿ, ಬಿಯಾಶಾರಾ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ನನ್ನ ಮೆಸ್ ಇದೆ. ಮಧ್ಯಾಹ್ನ ಬ್ಯಾಂಕಿನವರು, ಫೋನ್ ಕಂಪನಿಯವರು, ಬೆಂಗಳೂರಿನಿಂದ ಎರಡು ಮೂರು ವರ್ಷಕ್ಕೆಂದು ಬಂದ ಕಂಪ್ಯೂಟರ್ ಹುಡುಗರು ಮೆಟ್ಟಿಲು ಹತ್ತಿ ಬರುತ್ತಾರೆ. ಮುಥೈಗಾದ ಒಂದೆರಡು ದೊಡ್ಡ ಮನೆಗಳಿಗೆ ಕ್ಯಾರಿಯರ್ ಹೋಗುತ್ತದೆ. ಇವರೆಲ್ಲ ನನ್ನ ಕೈರುಚಿಗೆ ಬರುತ್ತಾರೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅರ್ಧ ಜನ ಬರುವುದು ನನ್ನ ಜಗಳ ನೋಡುವುದಕ್ಕೆ ಎಂದು ನನ್ನ ಹೆಂಡತಿ ಜಯಲಕ್ಷ್ಮಿ ಹೇಳಿದ ಮೇಲೆ ಗೊತ್ತಾಯಿತು. ಆ ಮಾತಿಗೂ ಅವಳ ಜೊತೆ ಜಗಳವಾಡಿದೆ.

ನನ್ನ ಓದು ಏಳನೇ ಕ್ಲಾಸು. ನಂಜನಗೂಡಿನ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ನನ್ನ ಉತ್ತರ ತಪ್ಪು ಅಂದರು. ನಾನು ಪ್ರಶ್ನೆಯೇ ತಪ್ಪು ಅಂದೆ. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಬಂದೆ. ಉತ್ತರವೇ ತಪ್ಪಾಗಿತ್ತೆಂದು ಆಮೇಲೆ ತಿಳಿಯಿತು. ಆದರೆ ಎದ್ದು ಬಂದಾಗಿತ್ತಲ್ಲ. ಹಾಗೆ ಎದ್ದು ಬಂದವನು ಮೈಸೂರಿನ ಹೋಟೆಲುಗಳಲ್ಲಿ ಹಿಟ್ಟು ರುಬ್ಬಿ, ಯಾವುದೋ ಕಂಪನಿಯ ಗೆಸ್ಟ್ ಹೌಸಿಗೆ ಅಡಿಗೆಯವನಾಗಿ ಇಲ್ಲಿಗೆ ಬಂದು, ಅಲ್ಲಿಯ ಮ್ಯಾನೇಜರನ ಜೊತೆಗೂ ಜಗಳವಾಡಿ ಸ್ವಂತ ಮೆಸ್ ಹಾಕಿದೆ. ನನ್ನ ಬದುಕಿನ ಎಲ್ಲ ಬಡ್ತಿಯೂ ಒಂದೊಂದು ಜಗಳದಿಂದಲೇ ಸಿಕ್ಕಿದ್ದು. ಹಾಗಾಗಿ ಜಗಳದ ಮಟ್ಟಿಗೆ ನಾನು ಕೈಪಳಗಿದವನು ಎಂಬ ಹೆಮ್ಮೆ ನನಗಿತ್ತು.

ಆ ಹೆಮ್ಮೆಗೆ ಮೊದಲ ಪೆಟ್ಟು ಕೊಟ್ಟವರು ಆಲ್ಫ್ರೆಡ್ ಮೇಷ್ಟ್ರು.

ಅವರು ಮಂಗಳೂರಿನ ಕಡೆಯವರು. ನಾನು ಹುಟ್ಟುವ ಹೊತ್ತಿಗೆ ಈ ಊರಿಗೆ ಬಂದು, ಕರೆನ್ ಕಡೆಯ ಶಾಲೆಯೊಂದರಲ್ಲಿ ತಲೆ ನರೆಯುವವರೆಗೆ ಗಣಿತ ಕಲಿಸಿದವರು. ನಿವೃತ್ತಿಯ ನಂತರ ಒಂದು ಕೋಚಿಂಗ್ ಸೆಂಟರಿಗೆ ತರ್ಕದ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದರು. ಅವರ ಹೆಂಡತಿ ಸೆಲಿನ್ ಬಾಯಿ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟಕ್ಕೆ ನನ್ನ ಮೆಸ್ಸಿಗೆ ಬರಲು ಶುರುಮಾಡಿದರು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ಊಟಕ್ಕಿಂತ ಅಕ್ಕಪಕ್ಕದ ಮಾತಿಗೇ ಅವರ ಕಿವಿ ಹೆಚ್ಚು.

ಮೊದಲ ದಿನವೇ ನನ್ನ ಮೂಗಿಗೆ ಮೀನಿನ ವಾಸನೆ ಬಡಿಯಿತು. ನನ್ನದು ಸಸ್ಯಾಹಾರಿ ಮೆಸ್. ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಯಾರ್ರೀ ಅದು, ಮೀನು!"

ಮೇಷ್ಟ್ರು ಅಂಗೈಯಗಲದ ಬಾಟಲಿಯೊಂದನ್ನು ಎತ್ತಿ ತೋರಿಸಿದರು. "ಮೀನಲ್ಲ ಮಾರಾಯ್ರೆ, ಒಣ ಸಿಗಡಿ ಚಟ್ನಿ."

"ಬೋರ್ಡ್ ಕಾಣಲಿಲ್ವಾ ನಿಮಗೆ?"

"ಕಂಡಿತಲ್ಲ. ಇಲ್ಲಿ ಶುದ್ಧ ಸಸ್ಯಾಹಾರಿ ಊಟ ಸಿಗುತ್ತದೆ ಅಂತ ಉಂಟು. ಅದು ನೀವು ಎಂತ ಕೊಡ್ತೀರಿ ಅಂತ ಹೇಳ್ತದೆ. ನಾನು ಎಂತ ತರಬಾರದು ಅಂತ ಎಲ್ಲಿ ಹೇಳ್ತದೆ?"

"ದೇವಸ್ಥಾನದ ಬೋರ್ಡಲ್ಲಿ ಉಗೀಬೇಡಿ ಅಂತ ಬರೆದಿರಲ್ಲ. ಹಂಗಂತ ಅಲ್ಲಿ ಉಗೀತೀರಾ?"

ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. ಈ ಮನುಷ್ಯನ ಮುಖ ಅರಳಿತು. "ಹಾ! ಒಳ್ಳೆ ಹೋಲಿಕೆ. ಆದರೆ ನಿಮ್ಮ ಮೆಸ್ಸು ದೇವಸ್ಥಾನದ ಹಾಗೆ ಹೌದಾ ಅಂತ ಮೊದಲು ತೋರಿಸಬೇಕಲ್ಲ? ಅದೊಂದು ಕಾಲು ಕುಂಟ್ತಾ ಉಂಟು ನೋಡಿ."

ಜಗಳದ ಮಧ್ಯೆ ನನ್ನನ್ನು ಹೊಗಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕೊನೆಗೆ, ಕಿಟಕಿ ಪಕ್ಕದ ಮೂಲೆಯ ಮೇಜಿನಲ್ಲಿ ಕೂತು, ಬಾಟಲಿಯನ್ನು ಜೇಬಿನಿಂದ ತೆಗೆಯದ ಹಾಗೆ ಹೇಗೋ ನಂಚಿಕೊಳ್ಳಬಹುದು ಎಂದು ಒಪ್ಪಂದವಾಯಿತು. ಹಾಗೆ ವರ್ಷಗಟ್ಟಲೆ ನಡೆಯಿತು. ಆ ಚಟ್ನಿ ಸೆಲಿನ್ ಬಾಯಿಯ ಕೈಯ ಅಳತೆಯದು, ಅವರು ಹೋದ ಮೇಲೆ ಮೇಷ್ಟ್ರೇ ಹುರಿದು ಕುಟ್ಟಿಕೊಳ್ಳುತ್ತಾರೆ ಎಂಬುದು ಜಯಲಕ್ಷ್ಮಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಅದಕ್ಕೂ ಏನಾದರೂ ಅನ್ನುತ್ತಿದ್ದೆನಂತೆ.

ಈಗ ಸಾಂಬಾರಿಗೆ ಬರುತ್ತೇನೆ.

ನನ್ನ ಮಗಳು ಶ್ರೀರಂಜನಿ, ನಮಗೆಲ್ಲ ರಂಜು. ಈ ಊರಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗೆ ವಕೀಲಳಾಗುವ ಆಸೆ. ಮೆಸ್ಸಿನ ಗಳಿಕೆಯಲ್ಲಿ ಅದು ಆಗದ ಮಾತು. ಆದರೆ ಒಂದು ಟ್ರಸ್ಟಿನವರು ವಕೀಲಿ ಓದುವವರಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಡುತ್ತಾರೆಂದು ಅವಳೇ ಹುಡುಕಿಕೊಂಡು ಬಂದಳು. ಅದಕ್ಕೊಂದು ಪರೀಕ್ಷೆ. ಪಾಸಾದರೆ ಕಾಲೇಜು, ಇಲ್ಲದಿದ್ದರೆ ನನ್ನ ಕ್ಯಾಷ್ ಮೇಜು. ನನ್ನ ಜೊತೆ ದಿನವಿಡೀ ಕೂರುವುದು ಎಂಥ ಶಿಕ್ಷೆ ಎಂದು ಅವಳಿಗೆ ಗೊತ್ತಿದ್ದರಿಂದ ಹಟ ಹಿಡಿದು ಓದುತ್ತಿದ್ದಳು.

ಓದು ಎಂದರೆ ಪುಸ್ತಕದ ಓದಲ್ಲ. ಪರೀಕ್ಷೆಯಲ್ಲಿ ಯಾರೋ ಇಬ್ಬರು ಮಾತಾಡಿರುತ್ತಾರೆ. ಒಬ್ಬ ಏನೋ ವಾದ ಹೂಡುತ್ತಾನೆ, ಇನ್ನೊಬ್ಬ ಅದಕ್ಕೆ ಎದುರು ಹೇಳುತ್ತಾನೆ. ಕೆಳಗೆ ಐದು ಉತ್ತರ. ಒಂದಕ್ಕೆ ಗುರುತು ಹಾಕಬೇಕು. ಮೇಷ್ಟ್ರು ತಾವು ಬರೆದ ಅಭ್ಯಾಸದ ಪತ್ರಿಕೆಗಳನ್ನು ಅವಳಿಗೆ ತಂದುಕೊಡುತ್ತಿದ್ದರು. ಒಂದು ಸಂಜೆ ಮನೆಯಲ್ಲಿ ಅಂಥದ್ದೊಂದನ್ನು ಹಿಡಿದುಕೊಂಡು ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು.

"ಏನೇ ಅದು?"

"ನಥಿಂಗ್, ಪಪ್ಪಾ."

"ನಥಿಂಗಿಗೆ ಯಾರೂ ಹಂಗೆ ನಗಲ್ಲ. ಓದು."

ಅವಳು ಹದಿನಾಲ್ಕನೇ ಪ್ರಶ್ನೆಯನ್ನು ಓದಿದಳು. ಇಂಗ್ಲಿಷಿನಲ್ಲಿದ್ದದ್ದನ್ನು ಅವಳು ಹೇಳಿದ ಹಾಗೆ ಬರೆಯುತ್ತೇನೆ. ಗಿರಾಕಿ: ಈ ವಾರ ಸಾಂಬಾರು ನೀರಾಗಿದೆ, ಆದ್ದರಿಂದ ನೀವು ಬೇಳೆಯನ್ನು ಬದಲಾಯಿಸಿದ್ದೀರಿ. ಹೋಟೆಲಿನವನು: ಒಂದು ಮೊಟ್ಟೆ ಬೇಯಿಸಲು ಬಾರದವನು ಬೇಳೆಯ ವಿಷಯ ಮಾತಾಡಬಾರದು. ಪ್ರಶ್ನೆ: ಗಿರಾಕಿಯ ವಾದಕ್ಕೆ ಹೋಟೆಲಿನವನು ಉತ್ತರಿಸುವ ರೀತಿ ಯಾವುದು?

ನನ್ನ ಕಿವಿ ಬಿಸಿಯಾಯಿತು. ಆ ಗಿರಾಕಿ ನಿಖಿಲ್, ಬ್ಯಾಂಕಿನ ಹುಡುಗ, ಬಸವನಗುಡಿಯವನು. ಆ ಮೊಟ್ಟೆಯ ಮಾತು ನನ್ನದು, ಅಕ್ಷರ ಅಕ್ಷರವೂ ನನ್ನದು. ಸರಿಯುತ್ತರ 'ಬಿ' ಅಂತೆ: ಹೇಳಿದ ಮಾತನ್ನು ಬಿಟ್ಟು, ಹೇಳಿದವನ ಯೋಗ್ಯತೆಯನ್ನು ಹಿಡಿದುಕೊಳ್ಳುತ್ತಾನೆ.

"ನೀನು ಯಾವುದಕ್ಕೆ ಹಾಕಿದೆ?"

"ಡಿ. ಗಿರಾಕಿಯ ತೀರ್ಮಾನ ಸುಳ್ಳು ಅಂತ ಸಾಬೀತು ಮಾಡ್ತಾನೆ," ಅಂದಳು. "ಬಿಕಾಸ್ ಯೂ ವರ್ ರೈಟ್, ಪಪ್ಪಾ. ಬೇಳೆ ಚೇಂಜ್ ಆಗಿರ್ಲಿಲ್ಲ. ಐ ವಾಸ್ ದೇರ್."

ನೋಡಿ, ಇದೇ ನನ್ನ ಸಂಕಟ. ಬೇಳೆ ನಿಜವಾಗಿಯೂ ಬದಲಾಗಿರಲಿಲ್ಲ. ಆ ವಾರ ಯಾವುದೋ ಕಂಪನಿಯ ಹೊಸ ಹುಡುಗರು ಹೇಳದೆ ಕೇಳದೆ ಬಂದು ಕೂತಿದ್ದರು. ಅಡಿಗೆಮನೆಯ ವಿನ್ಸೆಂಟ್ ಸಾಂಬಾರಿಗೆ ಎರಡು ಚೊಂಬು ನೀರು ಸುರಿದಿದ್ದ. ಸತ್ಯ ನನ್ನ ಕಡೆ ಇತ್ತು. ಆದರೂ ಪತ್ರಿಕೆಯಲ್ಲಿ ದಡ್ಡನಾದವನು ನಾನು. ಎಷ್ಟು ಮಕ್ಕಳು ಅದನ್ನು ಓದಿ ನಕ್ಕರೋ!

ಮರುದಿನ ಮೇಷ್ಟ್ರನ್ನು ಕೂರುವುದಕ್ಕೂ ಬಿಡಲಿಲ್ಲ. "ನನ್ನ ಹೋಟೆಲು, ನನ್ನ ಸಾಂಬಾರು, ನನ್ನ ಬಾಯಿ! ಯಾರನ್ನ ಕೇಳಿ ಹಾಕಿದ್ರಿ?"

"ಹೆಸರು ಹಾಕಲಿಲ್ಲವಲ್ಲ."

"ಮೊಟ್ಟೆ ಹಾಕಿದೀರಲ್ಲ! ಬೇಳೆ ಬದಲಾಗಿರಲೇ ಇಲ್ಲ!"

"ಹೌದಾ? ಮತ್ತೆ ಸಾಂಬಾರು ಯಾಕೆ ನೀರಾದದ್ದು?"

"ಜನ ಜಾಸ್ತಿ ಬಂದ್ರು, ವಿನ್ಸೆಂಟ್ ನೀರು ಹಾಕ್ದ."

ಮೇಷ್ಟ್ರು ತಟ್ಟೆಯ ಅಂಚಿಗೆ ಬೆರಳು ಬಡಿದರು. "ಇದನ್ನೇ ಅವತ್ತು ಹೇಳಿದ್ದರೆ? ಅವ ಹೇಳಿದ ಕಾರಣಕ್ಕೆ ಬದಲು ಬೇರೆ ಕಾರಣ ತೋರಿಸಿದ ಹಾಗೆ ಆಗ್ತಿತ್ತು. ಉತ್ತರ 'ಎ' ಆಗ್ತಿತ್ತು. ನೀವು ಪತ್ರಿಕೆಯಲ್ಲಿ ಬುದ್ಧಿವಂತ ಆಗ್ತಿದ್ರಿ."

"ನನ್ನ ಸಾಂಬಾರಿಗೆ ನೀರು ಬಿದ್ದಿದೆ ಅಂತ ಗಿರಾಕಿಗಳೆದುರು ನಾನೇ ಡಂಗುರ ಸಾರಲಾ?"

ನಿಖಿಲ್ ಪಕ್ಕದ ಮೇಜಿನಲ್ಲೇ ಕೂತಿದ್ದ. ಇಡೀ ಮೆಸ್ಸು ನಕ್ಕಿತು. ವಿನ್ಸೆಂಟ್ ಒಳಗಿನಿಂದ ಇಣುಕಿ, "ಪೋಲೆ ಪೋಲೆ, ಬಾಸ್" ಅಂದ, ನಿಧಾನ ಅಂತ. ಅವನ ಮೇಲೂ ಹರಿಹಾಯ್ದೆ.

ನಗು ಇಳಿದ ಮೇಲೆ ಮೇಷ್ಟ್ರು ತಗ್ಗಿದ ಧ್ವನಿಯಲ್ಲಿ ರಂಜುವಿನ ವಿಷಯ ಎತ್ತಿದರು. ಬೇರೆಲ್ಲ ಬಗೆಯ ಪ್ರಶ್ನೆ ಅವಳಿಗೆ ಬರುತ್ತದೆ. ಈ ಒಂದು ಬಗೆಯದು, ವಾದ ಹೇಗೆ ನಡೆಯಿತು ಎಂದು ಕೇಳುವುದು, ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಥವೇ ಹೆಚ್ಚು. ಹೀಗೇ ಆದರೆ ವಿದ್ಯಾರ್ಥಿವೇತನ ಕೈತಪ್ಪುತ್ತದೆ.

"ಕಳ್ಳ ಒಳಗೆ ಹೇಗೆ ಬಂದ ಅಂತ ಕೇಳಿದರೆ ಬಾಗಿಲಿನಿಂದಲೋ ಕಿಟಕಿಯಿಂದಲೋ ಹೇಳಬೇಕಲ್ಲ? ಇವಳು 'ಕಳ್ಳತನ ಪಾಪ' ಅಂತ ಬರೀತಾಳೆ. ಯಾರು ಸರಿ, ಯಾರು ತಪ್ಪು, ಅದೊಂದೇ ನೋಡ್ತಾಳೆ. ಯಾರ ಹಾಗೆ ಅಂತ ನಾನು ಹೇಳುದಿಲ್ಲ."

"ಹೇಳಿ, ಹೇಳಿ."

"ಹೇಳುದಿಲ್ಲ."

"ನೀವೇ ಕಲಿಸಿ ಮೇಷ್ಟ್ರೇ. ಫೀಸು ಏನಾದರೂ ಆಗಲಿ."

"ಫೀಸು ಬೇಡ. ಒಂದು ಶರತ್ತು." ಅವರು ಕನ್ನಡಕ ತೆಗೆದು ಒರೆಸಿದರು. "ಇದೇ ಜಾಗದಲ್ಲಿ, ಊಟದ ಹೊತ್ತಲ್ಲಿ, ಎಲ್ಲರ ಎದುರು, ಒಂದೇ ಒಂದು ವಾದದಲ್ಲಿ ನೀವು ನನಗೆ 'ನೀವು ಹೇಳಿದ್ದು ಸರಿ' ಅಂತ ಹೇಳಿ ಸುಮ್ಮನಾಗಬೇಕು. ಬಾಲ ಇಲ್ಲದೆ. ಯಾವಾಗ ಬೇಕಾದರೂ ಕೊಡಿ."

ಇದೇನು ಮಹಾ ಅನ್ನಿಸಿತು. ಒಪ್ಪಿಕೊಂಡೆ. ಜಯಲಕ್ಷ್ಮಿ ಮಾತ್ರ ಮಜ್ಜಿಗೆಯ ಪಾತ್ರೆ ಇಡುತ್ತಾ, "ಸರ್, ಅದರ ಬದಲು ಫೀಸೇ ತಗೊಂಬಿಡಿ" ಅಂದಳು.

ಅವರ ಪಾಠದ ಕ್ರಮ ಹೀಗಿತ್ತು. ಮಧ್ಯಾಹ್ನ ರಂಜು ಕ್ಯಾಷ್ ಮೇಜಿನಲ್ಲಿ ಕೂರಬೇಕು. ಮೆಸ್ಸಿನಲ್ಲಿ ನಾನು ಮಾಡುವ ಒಂದೊಂದು ಜಗಳವನ್ನೂ ಕೇಳಿಸಿಕೊಳ್ಳಬೇಕು. ಮೊದಲನೆಯವನ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು, ಎರಡನೆಯವನು ಇವುಗಳಲ್ಲಿ ಯಾವುದನ್ನು ಮುಟ್ಟಿದ, ಅಥವಾ ಯಾವುದನ್ನೂ ಮುಟ್ಟದೆ ಮನುಷ್ಯನನ್ನೇ ಮುಟ್ಟಿದನೋ ಎಂದು ಹೇಳಬೇಕು. ಯಾರು ಗೆದ್ದರು ಎಂದು ಹೇಳಕೂಡದು. "ದೊಡ್ಡ ದೊಡ್ಡ ಶಬ್ದ ಇರುವ ಉತ್ತರ ನೋಡಿ ಮರುಳಾಗಬೇಡ ಮಗಾ," ಅನ್ನುತ್ತಿದ್ದರು. "ಉತ್ತರದಲ್ಲಿ ಇರುವ ಒಂದೊಂದು ಮಾತೂ ಆ ವಾದದಲ್ಲಿ ಉಂಟಾ ನೋಡು. ಎಲೆಗೆ ಬಡಿಸದ್ದನ್ನು ಉಂಡೆ ಅಂತ ಹೇಳಬೇಡ."

ಹೀಗೆ ನಾನು ನನ್ನ ಸ್ವಂತ ಮೆಸ್ಸಿನಲ್ಲೇ ಪಾಠದ ಸಾಮಾನಾದೆ. ಟೊಮೇಟೊ ತರುವ ಡೇವಿಡ್, ಮಾರ್ಕೆಟ್ಟಿನಲ್ಲಿ ಎಲ್ಲರೂ ಇದೇ ರೇಟಿಗೆ ಕೊಡುತ್ತಾರೆ ಅಂದ. ಎಲ್ಲರೂ ಹೋಗಿ ಹೊಳೆಗೆ ಹಾರಿದರೆ ನೀನೂ ಹಾರುತ್ತೀಯಾ ಅಂದೆ. ಮೇಜಿನಿಂದ ದನಿ ಬಂತು: "ಅವನ ಕಾರಣವನ್ನೇ ಹಿಗ್ಗಿಸಿ ಹುಚ್ಚು ಜಾಗಕ್ಕೆ ತಗೊಂಡು ಹೋದ್ರಿ. ನೈಸ್ ಒನ್, ಪಪ್ಪಾ." ಅನ್ನ ಮುದ್ದೆಯಾಗಿದೆ ಅಂದವನಿಗೆ, ಇಷ್ಟು ವರ್ಷದಿಂದ ಯಾರೂ ಹೇಳಿಲ್ಲ ಅಂದೆ. "ಇಷ್ಟು ದಿನ ದೂರಿಲ್ಲ, ಅದಕ್ಕೇ ಇವತ್ತೂ ತಪ್ಪಿಲ್ಲ!" ಜಯಲಕ್ಷ್ಮಿಗೆ ಏನೋ ಅಂದೆ, ಅವಳು ಉತ್ತರಿಸುವ ಮೊದಲೇ ರಂಜು, "ಮಾತು ಬದಲಾಯಿಸ್ತಿದಾರೆ, ಅಮ್ಮಾ" ಅಂದಳು. "ಇದಕ್ಕೆ ಪರೀಕ್ಷೆ ಬೇರೆ ಮಾಡ್ತಾರಾ?" ಅಂದಳು ನನ್ನ ಹೆಂಡತಿ. "ಮದುವೆಯಾದ ತಿಂಗಳಲ್ಲೇ ಇವೆಲ್ಲ ನಂಗೆ ಬಾಯಿಪಾಠ."

ಗಿರಾಕಿಗಳಿಗೆ ಇದು ಸಿನಿಮಾ ಆಯಿತು. ನಾನು ಬಾಯಿ ತೆರೆದರೆ ಸಾಕು, ಹುಡುಗರೆಲ್ಲ ರಂಜು ಕಡೆ ತಿರುಗುತ್ತಿದ್ದರು. ಅವಳ ಅಂಕ ಏರುತ್ತಿತ್ತು. ನನ್ನ ಮಾನ ಅದೇ ಲೆಕ್ಕದಲ್ಲಿ ಇಳಿಯುತ್ತಿತ್ತು.

ಆಗ ನಾನೊಂದು ದಡ್ಡತನ ಮಾಡಿದೆ. ಒಳ್ಳೆಯವನಾಗಿಬಿಟ್ಟೆ.

ಬೈಗುಳಕ್ಕೆಲ್ಲ ಹೆಸರಿದೆ ಎಂದು ಗೊತ್ತಾದ ಮೇಲೆ ಬೈಯುವುದಕ್ಕೆ ನಾಲಿಗೆ ಏಳುತ್ತಿರಲಿಲ್ಲ. ಬಾಯಿ ತೆರೆಯುವ ಮೊದಲೇ, ಇದು ಎ ಆಯಿತೋ ಬಿ ಆಯಿತೋ ಎಂದು ಒಳಗೇ ಲೆಕ್ಕ ಶುರುವಾಗುತ್ತಿತ್ತು. ಉಪ್ಪು ಜಾಸ್ತಿ ಅಂದರೆ "ಸವಾ" ಅಂದೆ, ಆಯಿತು ಅಂತ. ಪಲ್ಯ ಸೀದಿದೆ ಅಂದರೆ "ಸವಾ, ಬೇರೆ ಕೊಡ್ತೀನಿ" ಅಂದೆ. ಡೇವಿಡ್ ಕೊಳೆತ ಟೊಮೇಟೊ ತಂದರೂ "ಅಸಾಂಟೆ" ಅಂದೆ, ಧನ್ಯವಾದ ಅಂತ. ಡೇವಿಡ್ ಹೆದರಿಕೊಂಡು ಹಣ್ಣನ್ನು ತಾನೇ ವಾಪಸು ಒಯ್ದ. ವಿನ್ಸೆಂಟ್ ಜಯಲಕ್ಷ್ಮಿಯ ಹತ್ತಿರ ಹೋಗಿ, ತನಗೆ ಬರುವಷ್ಟು ಕನ್ನಡದಲ್ಲಿ, "ಅಮ್ಮಾ, ಬಾಸ್ ಡಾಕ್ಟರ್ ಹೋಗಬೇಕು" ಅಂದನಂತೆ. ಮೆಸ್ಸಿನಲ್ಲಿ ಜನವೂ ಕಡಿಮೆಯಾದರು. ಜನ ಬರುವುದು ಜಗಳ ನೋಡುವುದಕ್ಕೆ ಎಂಬ ಹೆಂಡತಿಯ ಹಳೆಯ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಪರೀಕ್ಷೆಗೆ ಇನ್ನು ಕೆಲವೇ ದಿನವಿರುವಾಗ ಮೇಷ್ಟ್ರು ಊಟದ ಹೊತ್ತಿಗಿಂತ ಮುಂಚೆ ಬಂದು ನನ್ನನ್ನು ಅಡಿಗೆಮನೆಯಲ್ಲೇ ಹಿಡಿದರು.

"ಎಂತ ಮಾಡಿದ್ರಿ ಚಿದಾನಂದರೇ? ಮಗುವಿನ ಅಂಕ ಪುನಃ ಬಿತ್ತು. ಕೇಳುದಕ್ಕೆ ಒಂದು ಜಗಳ ಇಲ್ಲ ಅಂತಾಳೆ."

"ನಾನು ಸುಧಾರಿಸ್ತಾ ಇದೀನಿ ಮೇಷ್ಟ್ರೇ."

"ಪರೀಕ್ಷೆ ಮುಗಿದ ಮೇಲೆ ಸುಧಾರಿಸಿ! ಕಾಗದದ ಮೇಲಿನದ್ದು ಅವಳಿಗೆ ನಾಟುದಿಲ್ಲ. ಕಿವಿಗೆ ಬಿದ್ದರೆ ಮಾತ್ರ ಹಿಡೀತಾಳೆ. ಇವತ್ತು ಜಗಳ ಮಾಡಿ."

"ಸುಮ್ಮಸುಮ್ಮನೆ ಹೆಂಗ್ರೀ ಮಾಡ್ಲಿ? ಸಿಟ್ಟು ಬರಬೇಡ್ವಾ?"

ಮೇಷ್ಟ್ರು ಅಡಿಗೆಮನೆಯಿಂದ ಹೊರಗೆ ಹೋದರು. ಮೂಲೆಗೆ ಹೋಗಲಿಲ್ಲ. ನಟ್ಟನಡುವಿನ ಉದ್ದ ಮೇಜಿನಲ್ಲಿ ಕೂತರು. ಅವತ್ತು ಶುಕ್ರವಾರ; ಜನ ಪರವಾಗಿಲ್ಲ ಎನ್ನುವಷ್ಟಿದ್ದರು. ಅನ್ನ ಬಡಿಸಿದ್ದೇ ತಡ, ಜೇಬಿನಿಂದ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ಠೀವಿಯಿಂದ ಇಟ್ಟರು.

ವಾಸನೆ ಒಳಗೆ ಬಂತು. ನನ್ನ ಸುಧಾರಣೆ ಅದೇ ಕಿಟಕಿಯಿಂದ ಹೊರಗೆ ಹೋಯಿತು.

"ಮೇಷ್ಟ್ರೇ! ಮುಚ್ಚಳ ಹಾಕಿ!"

"ಯಾಕೆ? ಬೋರ್ಡಿನಲ್ಲಿ ಬೇಡ ಅಂತ ಇಲ್ಲ."

"ಅರವತ್ತು ದಾಟಿದೆ, ಮೇಷ್ಟ್ರು ಬೇರೆ, ಇಷ್ಟೂ ತಿಳಿಯಲ್ವಾ?"

"ಮನುಷ್ಯನನ್ನು ಮುಟ್ಟಿದ್ರು," ಅಂದಳು ರಂಜು ಮೇಜಿನಿಂದ.

"ನೀನು ಸುಮ್ನಿರು! ಇಲ್ಲಿರೋ ಯಾರಿಗೂ ಇಷ್ಟ ಇಲ್ಲ, ಕೇಳಿ ನೋಡಿ!"

"ಎಲ್ಲರ ಹೆಸರು ಹೇಳಿ ಸಾಕ್ಷಿ ಹಾಕಿದ್ರು."

"ಇವತ್ತು ಸಿಗಡಿ ಬಿಟ್ರೆ ನಾಳೆ ಕೋಳಿ, ನಾಡಿದ್ದು ಇಡೀ ಕುರಿ ತಂದು ಕಟ್ತಾರೆ!"

"ಒಂದರ ಹಿಂದೆ ಒಂದು ಸಾಲು ಕಟ್ಟಿ ಹೆದರಿಸಿದ್ರು." ಹುಡುಗರು ಚಪ್ಪಾಳೆ ತಟ್ಟಿದರು. ಅವಳು ಎದ್ದು ನಿಂತಿದ್ದಳು, ಕಣ್ಣು ಹೊಳೆಯುತ್ತಿತ್ತು. ಮೇಷ್ಟ್ರು ಅವಳಿಗಾಗಿಯೇ ನನ್ನನ್ನು ಕೆಣಕುತ್ತಿದ್ದಾರೆ ಎಂದು ಅದನ್ನು ನೋಡಿಯಾದರೂ ನನಗೆ ಅರ್ಥವಾಗಬೇಕಿತ್ತು. ನನಗೆಲ್ಲಿ ಅರ್ಥವಾಗಬೇಕು, ಕುದಿಯುತ್ತಿದ್ದೆ.

"ಇದು ಶುದ್ಧ ಸಸ್ಯಾಹಾರಿ ಮೆಸ್ಸು! ಈ ಮೇಜಿನ ಮೇಲೆ ಅಂಥದ್ದು ಇವತ್ತಿನವರೆಗೆ ಬಂದಿಲ್ಲ!"

ಮೇಷ್ಟ್ರು ಕಾಯುತ್ತಿದ್ದದ್ದು ಅದಕ್ಕೇ. "ಹೋದ ತಿಂಗಳು ನಿಖಿಲನ ಬರ್ತ್‌ಡೇ ಕೇಕು ಇದೇ ಮೇಜಿನಲ್ಲಿ ಕತ್ತರಿಸಿದ್ದಲ್ವಾ? ಅದರಲ್ಲಿ ಮೊಟ್ಟೆ ಇತ್ತು. ನೀವು ಎರಡು ತುಂಡು ತಿಂದ್ರಿ."

"ಒಂದೇ ಒಂದು ಎದುರು ಉದಾಹರಣೆ," ಅಂದಳು ರಂಜು, ಮೆಲ್ಲಗೆ. "ಇವತ್ತಿನವರೆಗೆ ಇಲ್ಲ ಅಂದ್ರಲ್ಲ, ಅದು ಬಿತ್ತು."

ಮೇಷ್ಟ್ರು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡುತ್ತಿದ್ದರು. ನಾನು ಹೇಳಬೇಕಾಗಿದ್ದದ್ದು 'ನೀವು ಹೇಳಿದ್ದು ಸರಿ' ಎಂಬ ಒಂದೇ ಮಾತು. ಎಲ್ಲರೂ ಇದ್ದರು, ಊಟದ ಹೊತ್ತು, ಅದೇ ಜಾಗ. ಅಷ್ಟು ಹೇಳಿದ್ದರೆ ಫೀಸು ಚುಕ್ತಾ ಆಗುತ್ತಿತ್ತು.

"ಏಳ್ರೀ," ಅಂದೆ. "ಹೊರಗೆ ನಡೀರಿ."

ಅವರು ಬಾಟಲಿಗೆ ಮುಚ್ಚಳ ಹಾಕಿದರು. ಕೈತೊಳೆದು, ಜಯಲಕ್ಷ್ಮಿಗೆ ತಲೆಬಾಗಿಸಿ, ಮೆಟ್ಟಿಲಿಳಿದರು.

"ಇದಕ್ಕೆ ಹೆಸರಿಲ್ಲ, ಪಪ್ಪಾ," ಅಂದಳು ರಂಜು. "ಹೊರಗೆ ಹಾಕೋದು ಮೆಥಡ್ ಅಲ್ಲ. ಅದು ಯಾವ ಆಪ್ಷನ್‌ನಲ್ಲೂ ಇರಲ್ಲ."

ಪರೀಕ್ಷೆ ಕರೆನ್‌ನ ಒಂದು ಶಾಲೆಯಲ್ಲಿ. ಕ್ಯಾರಿಯರಿನ ವ್ಯಾನಿನಲ್ಲಿ ನಾನೇ ಕರೆದುಕೊಂಡು ಹೋದೆ. ಗೋಂಗ್ ರೋಡಿನಲ್ಲಿ ಪ್ಯಾಸೆಂಜರ್ ತುಂಬಿದ ಮಟಾಟು ವ್ಯಾನೊಂದು ಅಡ್ಡ ನುಗ್ಗಿತು. ಹಾರ್ನಿನ ಮೇಲೆ ಕೈಯೂರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ. "ಇದು ಯಾವುದು, ಹೇಳು!" ಎಂದು ಮಗಳನ್ನು ಕೇಳಿದೆ, ಕೊನೆಗಳಿಗೆಯಲ್ಲಿ ಒಂದು ಅಭ್ಯಾಸವಾಗಲಿ ಅಂತ. "ದಟ್ಸ್ ನಾಟ್ ಆನ್ ಆರ್ಗ್ಯುಮೆಂಟ್, ಪಪ್ಪಾ. ದಟ್ಸ್ ಜಸ್ಟ್ ಹಾರ್ನ್," ಅಂದು ಇಳಿದು ಹೋದಳು.

ಹೊರಗೆ ಮರದ ಕೆಳಗೆ ವ್ಯಾನಿನಲ್ಲಿ ಕೂತಿದ್ದೆ. ಅವಳು ಒಳಗೆ ಪೆನ್ಸಿಲು ಹಿಡಿದು, ನನ್ನಂಥ ಇಬ್ಬರ ಜಗಳ ಓದುತ್ತಿರುತ್ತಾಳೆ ಎಂದುಕೊಂಡೆ. ಏಳನೇ ಕ್ಲಾಸಿನಲ್ಲಿ ಎದ್ದು ಬಂದವನ ಮಗಳು ಎದ್ದು ಬರದಿದ್ದರೆ ಸಾಕು ಅನ್ನಿಸಿತು. ಪೂರ್ತಿ ಹೊತ್ತು ಕೂತು, ಕೊನೆಯ ಗುಂಪಿನಲ್ಲಿ ಹೊರಗೆ ಬಂದಳು. "ಒಂದು ಪ್ರಶ್ನೆಯಲ್ಲಿ ನಿಮ್ಮ ದನಿ ಕೇಳಿಸ್ತು, ಪಪ್ಪಾ. ಲಿಟರಲಿ," ಅಂದಳು. ಬೈದಳೋ ಹೊಗಳಿದಳೋ ಗೊತ್ತಾಗಲಿಲ್ಲ. ಫಲಿತಾಂಶ ಬಂದ ದಿನ ಗೊತ್ತಾಯಿತು. ವಿದ್ಯಾರ್ಥಿವೇತನ ಸಿಕ್ಕಿತು. ಜಯಲಕ್ಷ್ಮಿ ಹೆಸರುಬೇಳೆ ಪಾಯಸ ಮಾಡಿದಳು. ಮೆಸ್ಸಿನ ಎಲ್ಲರಿಗೂ ಎರಡೆರಡು ಲೋಟ. ಮೂಲೆಯ ಮೇಜು ಮಾತ್ರ ಖಾಲಿ.

ಅಷ್ಟರಲ್ಲಿ ನಾನು ಇನ್ನೊಂದು ಘನಕಾರ್ಯ ಮಾಡಿ ಮುಗಿಸಿದ್ದೆ. ಮೇಷ್ಟ್ರನ್ನು ಹೊರಗೆ ಹಾಕಿದ ಮರುವಾರವೇ ಪೇಂಟರನ್ನು ಕರೆಸಿ ಬೋರ್ಡಿನ ಕೆಳಗೆ ಒಂದು ಸಾಲು ಸೇರಿಸಿದ್ದೆ: ಹೊರಗಿನ ಪದಾರ್ಥ ತರುವಂತಿಲ್ಲ. ಕೆಂಪು ಬಣ್ಣದಲ್ಲಿ. ಇನ್ನು ಹೇಳಲಿ ನೋಡೋಣ ಎಂದು ಬೀಗುತ್ತಾ ನಿಂತಿದ್ದಾಗ ಮಗಳು ಬಂದು ನೋಡಿದಳು.

"ಪಪ್ಪಾ, ಈ ಸಾಲು ಈಗ ಯಾಕೆ ಹಾಕಿಸಿದ್ರಿ?"

"ಇಲ್ಲದಿದ್ರೆ ತರ್ತಾರಲ್ಲ!"

"ಸೋ, ಮೊದಲಿನ ಬೋರ್ಡ್ ಅದನ್ನ ಹೇಳ್ತಿರ್ಲಿಲ್ಲ." ಅವಳು ತಡೆದು ತಡೆದು ಹೇಳಿದಳು. "ಅಂಕಲ್ ಇಷ್ಟು ವರ್ಷ ಹೇಳ್ತಿದ್ದದ್ದು ಅದೇ ತಾನೇ?"

ಅಳಿಸೋಣವೆಂದರೆ ಬಣ್ಣ ಒಣಗಿತ್ತು.

ಮಳೆಗಾಲ ಮುಗಿದ ಮೇಲೆ ಮೇಷ್ಟ್ರು ಒಮ್ಮೆ ಬಂದರು. ಮಂಡಿನೋವು ಹೆಚ್ಚಾಗಿತ್ತು. ಮೊಂಬಾಸಾದ ಬಂದರಿನಲ್ಲಿ ಕೆಲಸ ಮಾಡುವ ಮಗ ಡೆಂಜಿಲ್ ತನ್ನಲ್ಲಿಗೆ ಕರೆದೊಯ್ಯುತ್ತಿದ್ದ. ಹೊರಡುವ ಮೊದಲು ಹೇಳಿಹೋಗಲು ಬಂದದ್ದು. ಮೆಟ್ಟಿಲ ಬುಡದಲ್ಲಿ ನಿಂತು ಬೋರ್ಡಿನ ಕೆಂಪು ಸಾಲನ್ನು ಓದಿದರು. ಮೇಲೆ ಬಂದವರ ಮುಖದಲ್ಲಿ ನಗು ತಡೆಯುತ್ತಿರಲಿಲ್ಲ.

"ಒಳ್ಳೇದಾಯಿತು ಮಾರಾಯ್ರೆ. ಆದರೆ ಬೋರ್ಡಿನ ಮೇಲೆ ಬರೆದದ್ದು ನನ್ನ ಫೀಸಿನ ಲೆಕ್ಕಕ್ಕೆ ಬರುದಿಲ್ಲ. ಬಾಯಲ್ಲಿ ಅಂತ ಮಾತಾಗಿತ್ತು."

"ಕೂತ್ಕೊಳಿ ಮೇಷ್ಟ್ರೇ. ಊಟ ಮಾಡಿ. ಕೊಡ್ತೀನಿ."

ನಾನು ಸಿದ್ಧವಾಗಿದ್ದೆ. ಮೆಸ್ಸು ತುಂಬಿತ್ತು. ನಿಖಿಲ್ ಇದ್ದ, ರಂಜು ಇದ್ದಳು, ವಿನ್ಸೆಂಟ್ ಬಾಗಿಲಲ್ಲಿ ನಿಂತಿದ್ದ. ನಾನೇ ಬಡಿಸಿದೆ. ಹೇಗೆ ಶುರುಮಾಡುವುದೆಂದು ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ಗಂಟಲು ಸರಿಮಾಡಿಕೊಂಡೆ. ಮೇಷ್ಟ್ರು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿ ಹೇಳಿದರು:

"ಸಾಂಬಾರು ನೀರಾಗಿದೆ. ಬೇಳೆ ಬದಲಾಯಿಸಿದ್ರಾ?"

"ಜೇಬಲ್ಲಿ ಸಿಗಡಿ ಇಟ್ಕೊಂಡು ಓಡಾಡೋವ್ರಿಗೆ ಬೇಳೆ ರುಚಿ ಏನ್ರೀ ಗೊತ್ತು!"

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಇಡೀ ಮೆಸ್ಸು ಒಂದೇ ದನಿಯಲ್ಲಿ "ಬಿ!" ಅಂದಿತು. ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಬೇಕೆಂದೇ ಹಾಗೆ ಅಂದರೋ, ಸಾಂಬಾರು ನಿಜವಾಗಿಯೂ ನೀರಾಗಿತ್ತೋ, ನನಗೆ ಇನ್ನೂ ಗೊತ್ತಿಲ್ಲ. ಅವತ್ತು ಜನ ಜಾಸ್ತಿ ಇದ್ದದ್ದು ಮಾತ್ರ ನಿಜ. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇರಲಿ, ಇನ್ನೊಮ್ಮೆ ಬಂದಾಗ ಕೊಡಿ" ಅಂದರು.

ಇನ್ನೊಮ್ಮೆ ಬರಲಿಲ್ಲ. ಈ ವರ್ಷದ ಆರಂಭದಲ್ಲಿ ಡೆಂಜಿಲ್ ಫೋನ್ ಮಾಡಿದ. "ಅಂಕಲ್, ಡ್ಯಾಡಿ ಹೋದ್ರು," ಅಂದ. ಆಸ್ಪತ್ರೆಯಲ್ಲೂ ನರ್ಸುಗಳ ಜೊತೆ ವಾದ ಮಾಡುತ್ತಿದ್ದರಂತೆ, ನನ್ನ ಕತೆ ಹೇಳಿ ಅವರನ್ನು ನಗಿಸುತ್ತಿದ್ದರಂತೆ. ಮಧ್ಯಾಹ್ನದ ಜನ ಕೇಳುತ್ತಿದ್ದಾರಲ್ಲ ಎಂದು ನೋಡಿಕೊಂಡು, ಗಟ್ಟಿಯಾಗಿ ಹೇಳಿದೆ:

"ಡೆಂಜಿಲ್, ನಿಮ್ಮಪ್ಪ ಹೇಳಿದ್ದು ಸರಿ."

"ಯಾವ ವಿಷಯ, ಅಂಕಲ್?"

"ಬೋರ್ಡಿನ ವಿಷಯ ಕಣಪ್ಪ."

"ಬೋರ್ಡಿನಲ್ಲಿ ಎಂತ ಇತ್ತು?"

ಅವನಿಗೆ ತಿಳಿಯಲಿ ಅಂತ ಮೊದಲಿನಿಂದ ಹೇಳಲು ಶುರುಮಾಡಿದೆ. ಬೋರ್ಡಿನಲ್ಲಿ ಏನಿತ್ತು, ಅವರು ಏನಂದರು, ನಾನು ಏನಂದೆ. ಹೇಳುತ್ತಾ ಹೇಳುತ್ತಾ ಆ ಮೊದಲ ದಿನದ ವಾಸನೆ ಮೂಗಿಗೆ ಬಂತು. ಜಯಲಕ್ಷ್ಮಿ ಅಡಿಗೆಮನೆಯಿಂದ ಓಡಿ ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಾಗ, ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ನಾನು ಕೂಗಿ ಹೇಳುತ್ತಿದ್ದೆ: ಆದರೂ ಒಣ ಸಿಗಡಿ ಅಂದರೆ ಸಿಗಡಿಯೇ ತಾನೇ, ಮೆಸ್ಸು ಅಂದ ಮೇಲೆ ಒಂದು ಕ್ರಮ ಬೇಡವಾ?